ಅಗಿಯುವ ಕೆಲಸ ಯಾರದು

ಹೋದ ತಿಂಗಳು ಮಗಳನ್ನು ಕೋಲಾರದ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳಿಗೆ ಇಪ್ಪತ್ತಮೂರು ವರ್ಷ, ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಕೆಲಸ. ಎಡಗಡೆ ಕೆಳದವಡೆಯ ಕೊನೆಯಲ್ಲಿ ಬಾತುಕೊಂಡು ಎರಡು ಬೆರಳಿನಷ್ಟೂ ಬಾಯಿ ತೆರೆಯಲು ಆಗುತ್ತಿರಲಿಲ್ಲ. ನನ್ನ ತಾಯಿಯೂ ನಮ್ಮ ಜೊತೆ ಬಂದಿದ್ದಳು. ಮೊಮ್ಮಗಳ ಹಲ್ಲು ಕೀಳುತ್ತಾರೆ ಅಂದರೆ ಎಂಬತ್ತೊಂದರ ಅಜ್ಜಿ ಮನೆಯಲ್ಲಿ ಕೂರುವುದುಂಟೆ? ಡಾಕ್ಟರು ಎಕ್ಸ್‌ರೇ ತೋರಿಸಿದರು. ಬುದ್ಧಿ ಹಲ್ಲು ಎದ್ದು ನಿಲ್ಲದೆ, ಮುಂದಿನ ಹಲ್ಲಿಗೆ ತಲೆ ಕೊಟ್ಟು ಅಡ್ಡ ಮಲಗಿತ್ತು.

“ಹಲ್ಲಿನದು ಏನೂ ತಪ್ಪಿಲ್ಲ ಸಾರ್. ದವಡೆಯಲ್ಲಿ ಜಾಗ ಇಲ್ಲ ಅಷ್ಟೆ,” ಅಂದರು.

“ನನ್ನ ಬಾಯಲ್ಲಿ ಎಲ್ಲವೂ ಬಂದಿತ್ತಲ್ಲಪ್ಪ, ಇವಳಿಗೆ ಯಾಕೆ ಜಾಗ ಇಲ್ಲ?” ಅಂತ ಅಮ್ಮ ಕೇಳಿದಳು.

“ನೀವು ಗಟ್ಟಿ ತಿಂದು ಬೆಳೆದೋರು ಅಜ್ಜಿ. ಈಗಿನ ಮಕ್ಕಳು ಮೆತ್ತಗೆ ತಿಂದೋರು.”

ಅಮ್ಮ ಅಲ್ಲಿ ಸುಮ್ಮನಿದ್ದಳು. ಬಸ್ಸು ಹತ್ತಿದ ಮೇಲೆ ಕೇಳಿದಳು. “ನಾನು ಗಟ್ಟಿ ಏನೋ ತಿಂದೆ? ಎರಡು ಹೊತ್ತೂ ಮುದ್ದೆ. ಮುದ್ದೆ ಯಾರಾದರೂ ಅಗೀತಾರೇನೋ?”

ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಮನುಷ್ಯನ ದಂತಸೂತ್ರವನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಅಮ್ಮನ ಪ್ರಶ್ನೆ ಮಾತ್ರ ನನಗೆ ಯಾವತ್ತೂ ಹೊಳೆದಿರಲಿಲ್ಲ. ಹೊರಗಿನಿಂದ ಬಂದ ನೆಂಟರಿಗೆ ನಾವು ಮೊದಲು ಹೇಳಿಕೊಡುವ ಪಾಠವೇ ಅದು: ಮುರಿ, ಸಾರಿನಲ್ಲಿ ಅದ್ದು, ನುಂಗು, ಅಗಿಯಬೇಡ. ಶ್ರೀನಿವಾಸಪುರದಿಂದ ಮಾಲೂರಿನವರೆಗೆ ತಲೆಮಾರುಗಳು ಬದುಕಿದ್ದು ಹಲ್ಲಿಗೆ ಕೆಲಸವೇ ಇಲ್ಲದ ಈ ಅನ್ನದ ಮೇಲೆ. ಆದರೆ ರಾಗಿಯ ಕಾಳು ಮೆತ್ತಗಿನದಲ್ಲ. ಒಂದು ಚಿಟಿಕೆ ಹಸಿ ರಾಗಿ ಬಾಯಿಗೆ ಹಾಕಿಕೊಂಡು ನೋಡಿ, ಸಾಸಿವೆಯಷ್ಟಿರುವ ಆ ಕಾಳು ಹಲ್ಲಿನ ಸಂದಿಗೆ ಸಿಕ್ಕದೆ ಜಾರುತ್ತದೆ, ಸಿಕ್ಕರೆ ಮರಳಿನಂತೆ ಕರಕರ ಅನ್ನುತ್ತದೆ. ಈ ಕಾಳು ನುಂಗುವಷ್ಟು ಮೆತ್ತಗೆ ಆಗುವ ಮೊದಲು ಎಲ್ಲೋ, ಯಾರೋ ಅದನ್ನು ಅಗಿದಿರಬೇಕು.

ಆ ‘ಯಾರೋ’ ವಿಷಯಕ್ಕೆ ಬರುವ ಮುನ್ನ ಸ್ವಲ್ಪ ಕೋತಿಗಳ ಹತ್ತಿರ ಹೋಗಿ ಬರೋಣ. ದವಡೆಯ ಲೆಕ್ಕ ಅಲ್ಲಿ ಇನ್ನೂ ಸರಳವಾಗಿದೆ.

ಕೋಲಾರದ ಪಕ್ಕದ ಶತಶೃಂಗ ಬೆಟ್ಟದಲ್ಲಿ ಅಂತರಗಂಗೆಯ ಮೆಟ್ಟಿಲು ಹತ್ತಿದವರಿಗೆಲ್ಲ ಆ ಕೋತಿಗಳ ಪರಿಚಯವಿರುತ್ತದೆ. ಮುಳಬಾಗಿಲು ಕಡೆಯ ಆವಣಿ ಬೆಟ್ಟದಲ್ಲೂ ಅವೇ. ತಲೆಯ ಮೇಲೆ ನಡುಬೈತಲೆ ತೆಗೆದು ಬಾಚಿದಂಥ ಕೂದಲು, ಉದ್ದ ಬಾಲ. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ ಅದು. ನಮ್ಮ ಹಾಗೆಯೇ ಮೂವತ್ತೆರಡು ಹಲ್ಲು, ಅದೇ ಸೂತ್ರ: ಎರಡು ಬಾಚಿ, ಒಂದು ಕೋರೆ, ಎರಡು ಮುಂದವಡೆ, ಮೂರು ದವಡೆಹಲ್ಲು. ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡ ಕೋತಿ ಅದನ್ನು ಅಲ್ಲೇ ತಿನ್ನುವುದಿಲ್ಲ. ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಬಂಡೆಯ ಮೇಲೆ ಹೋಗಿ ಕೂತು, ನಿಧಾನಕ್ಕೆ ಹೊರಗೆ ತಂದು ಅಗಿಯುತ್ತದೆ. ಅದರ ದವಡೆಹಲ್ಲಿನ ಮೇಲೆ ಎರಡು ಅಡ್ಡ ದಿಣ್ಣೆಗಳಿವೆ. ಹಣ್ಣು, ಬೀಜ, ಚಿಗುರು, ಹುಳ, ಯಾವುದಕ್ಕಾದರೂ ಸರಿಹೋಗುವ ಹಲ್ಲು.

ನಮ್ಮ ಕಡೆ ತೆಲುಗಿನಲ್ಲಿ ಕೊಂಡಮುಚ್ಚು ಅನ್ನುವ ಕಪ್ಪು ಮುಖದ ಮುಸುವನದು ಬೇರೆ ಕಥೆ. ಅದಕ್ಕೆ ಕೆನ್ನೆಚೀಲ ಇಲ್ಲ. ಬಲಿತ ಎಲೆಯೂ ಅದಕ್ಕೆ ಊಟ. ಅದರ ದವಡೆಹಲ್ಲಿನ ದಿಣ್ಣೆಗಳು ಇನ್ನೂ ಎತ್ತರ, ಇನ್ನೂ ಚೂಪು, ಕತ್ತರಿಯ ಅಲಗಿನಂತೆ. ಯಾಕೆಂದರೆ ಗಡಸುತನ ಬೇರೆ, ನಾರುತನ ಬೇರೆ. ಕಡಲೆಬೀಜ ಗಡಸು. ಬಲವಾಗಿ ಒಂದು ಸಲ ಕಚ್ಚಿದರೆ ಸೀಳು ಬಿಟ್ಟು ಒಡೆದುಹೋಗುತ್ತದೆ. ಬಲಿತ ಎಲೆ ಗಡಸಲ್ಲ, ಆದರೆ ಎಷ್ಟು ಅದುಮಿದರೂ ಹರಿಯುವುದಿಲ್ಲ. ಬಿಟ್ಟ ಸೀಳು ಮುಂದಕ್ಕೆ ಓಡದಂತೆ ಅದರ ನಾರು ತಡೆಯುತ್ತದೆ. ಗಡಸಿಗೆ ಬೇಕಾದದ್ದು ಕುಟ್ಟಾಣಿ, ನಾರಿಗೆ ಬೇಕಾದದ್ದು ಕತ್ತರಿ. ಅದುಮುವ ಶಕ್ತಿಯ ಲೆಕ್ಕ ಬೇರೆ, ಅದನ್ನು ದಿನಕ್ಕೆ ಎಷ್ಟು ಸಾವಿರ ಸಲ ಮಾಡಬೇಕು ಅನ್ನುವ ಲೆಕ್ಕ ಬೇರೆ. ಎತ್ತರದ ದವಡೆಮೂಳೆ, ಅಗಲದ ಕೆನ್ನೆಮೂಳೆ, ಗಂಡು ಗೊರಿಲ್ಲಾದ ನೆತ್ತಿಯ ಮೇಲೆ ಏಳುವ ಮೂಳೆಯ ಏಣು, ಇವೆಲ್ಲ ಆ ದುಡಿಮೆಯ ಸ್ನಾಯು ಹಿಡಿದುಕೊಳ್ಳಲು ಬೇಕಾದ ಜಾಗಗಳು. ಕಣ್ಣಿನ ಪಕ್ಕ ಕಣತಲೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ, ಅದೇ ಸ್ನಾಯು ನಮ್ಮಲ್ಲೂ ಉಬ್ಬುತ್ತದೆ. ಅವರದ್ದು ನೆತ್ತಿಯವರೆಗೆ ಹೋಗುತ್ತದೆ, ನಮ್ಮದು ಅರ್ಧಕ್ಕೇ ನಿಂತಿದೆ.

ದವಡೆ ನೋಡಿ ಊಟ ಹೇಳುವುದು ಸುಲಭ ಅಂದುಕೊಂಡವರೂ ಮುಗ್ಗರಿಸಿದ್ದಾರೆ. 1959ರಲ್ಲಿ ಮೇರಿ ಲೀಕಿ ಪೂರ್ವ ಆಫ್ರಿಕಾದ ಓಲ್ಡುವಾಯಿ ಕಣಿವೆಯಲ್ಲಿ ಒಂದು ತಲೆಬುರುಡೆ ಕಂಡುಹಿಡಿದರು. ಭಾರಿ ದವಡೆಹಲ್ಲು, ನೆತ್ತಿಯ ಮೇಲೆ ಏಣು. ಗಟ್ಟಿ ಬೀಜ ಒಡೆದು ತಿನ್ನುತ್ತಿದ್ದವನೇ ಇರಬೇಕು ಎಂದುಕೊಂಡು ಅದಕ್ಕೆ ‘ಬೀಜ ಒಡೆಯುವ ಮನುಷ್ಯ’ ಎಂಬ ಅಡ್ಡಹೆಸರೂ ಬಿತ್ತು. ಅರ್ಧ ಶತಮಾನದ ನಂತರ ಅದರ ಬಳಗದ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಟ್ಟಿ ಬೀಜ ಒಡೆದಾಗ ಬೀಳುವ ಗುಳಿಗಳೇ ಇಲ್ಲ. 2011ರಲ್ಲಿ ಹಲ್ಲಿನ ಕವಚದ ಇಂಗಾಲವನ್ನು ಅಳೆದಾಗ, ಅವರ ಆಹಾರದಲ್ಲಿ ಮುಕ್ಕಾಲು ಪಾಲಿನಷ್ಟು ಹುಲ್ಲು, ಜೊಂಡಿನ ಜಾತಿಯದು ಅಂತ ಗೊತ್ತಾಯಿತು. ಆ ಭಾರಿ ಹಲ್ಲು ದಿನವಿಡೀ ನಾರು ಅರೆಯುವುದಕ್ಕೆ ಇದ್ದದ್ದು.

ಆ ಇಂಗಾಲದ ಗುರುತಿನಲ್ಲಿ ನಮಗೂ ಒಂದು ಪಾಲಿದೆ. ಉಷ್ಣವಲಯದ ಹುಲ್ಲುಗಳು ಗಾಳಿಯ ಇಂಗಾಲವನ್ನು ಹಿಡಿಯುವ ಬಗೆ ಬೇರೆ, ಅದರ ಗುರುತು ತಿಂದವರ ಹಲ್ಲಿನಲ್ಲಿ ಉಳಿಯುತ್ತದೆ. ರಾಗಿ ಆ ಗುಂಪಿನದು, ಭತ್ತ ಅಲ್ಲ. ಮುಂದೆ ಯಾವತ್ತೋ ಒಬ್ಬರು ನಮ್ಮ ಊರಿನ ಸ್ಮಶಾನ ಅಗೆದು ಹಲ್ಲು ಆಯ್ದರೆ, ಅಮ್ಮ ರಾಗಿ ತಿಂದು ಬೆಳೆದವಳು, ಮಗಳು ಹೆಚ್ಚಾಗಿ ಅಕ್ಕಿ ತಿಂದು ಬೆಳೆದವಳು ಎಂದು ಹೆಸರು ಕೇಳದೆಯೇ ಹೇಳಬಲ್ಲರು. ಆದರೆ ಆ ರಾಗಿಯನ್ನು ಬೀಸಿದವರು ಯಾರು ಅಂತ ಅಮ್ಮನ ಹಲ್ಲು ಹೇಳುವುದಿಲ್ಲ.

ಇನ್ನೊಂದು ಮಾತು ಇದೆ, ನನಗೆ ಬಹಳ ಹಿಡಿಸಿದ್ದು. ಗೊರಿಲ್ಲಾಕ್ಕೆ ಸಿಕ್ಕರೆ ಇಷ್ಟವಾದದ್ದು ಹಣ್ಣೇ. ಆದರೆ ಅದರ ಹಲ್ಲು, ದವಡೆ ಎಲ್ಲ ಇರುವುದು ಹಣ್ಣಿಲ್ಲದ ಕಾಲದ ಎಲೆ, ತೊಗಟೆ, ಕಾಂಡಕ್ಕೆ. ಮೆತ್ತಗಿನ ಹಣ್ಣನ್ನು ಎಂಥ ಹಲ್ಲಾದರೂ ತಿಂದೀತು. ಅದು ಸಿಗದ ತಿಂಗಳುಗಳಲ್ಲಿ ಯಾರು ಉಳಿಯುತ್ತಾರೆ ಅನ್ನುವುದರ ಮೇಲೆ ದವಡೆಯ ಆಕಾರ ನಿಂತಿದೆ.

ನಮ್ಮ ಸೀಮೆಗೆ ಇದು ಹೊಸ ಮಾತಲ್ಲ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಭತ್ತವೂ ರಾಗಿಯೂ ಆರು ತಿಂಗಳು ಸೆರೆಯಲ್ಲಿರುತ್ತವೆ, ಕಳೆಗುಂದದೆ ಹೊರಬರುವುದು ರಾಗಿ. ಹಗೇವಿನಲ್ಲಿ ವರ್ಷಗಟ್ಟಲೆ ಹುಳು ಹಿಡಿಯದೆ ಕೂರುವ ಧಾನ್ಯ ಅದು. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಹಗೇವುಗಳೂ ಬರಿದಾದವು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಹುಣಿಸೆ ಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ ಬೇಯಿಸಿ ತಿಂದು ಬದುಕಿದವರ ಕಥೆ ನಮ್ಮ ಮನೆಯಲ್ಲೂ ಇತ್ತು. ಅದನ್ನು ಹೇಳುತ್ತಿದ್ದವಳು ಚಿನ್ನವ್ವ.

ಮನೆಮಾತು ತೆಲುಗಾದ ನಮ್ಮಲ್ಲಿ ಅಜ್ಜಿಗೆ ಅವ್ವ ಅನ್ನುತ್ತಾರೆ. ಚಿನ್ನವ್ವ ಎಂದರೆ ಚಿಕ್ಕಜ್ಜಿ, ನಮ್ಮ ತಾತನ ತಂಗಿ. ಮುಳಬಾಗಿಲು ಕಡೆಗೆ ಕೊಟ್ಟಿದ್ದರಂತೆ. ಮದುವೆಯಾದ ನಾಲ್ಕನೆಯ ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ, ಅಣ್ಣನ ಮನೆಗೆ ವಾಪಸ್ಸು ಬಂದಳು. ಆ ಕಾಲದಲ್ಲಿ ಹಾಗೆ ಬಂದವಳಿಗೆ ಮನೆಯಲ್ಲಿ ಒಂದು ಮೂಲೆ, ಆ ಮೂಲೆಯಲ್ಲಿ ಒಂದು ಬೀಸೋಕಲ್ಲು. ಹನ್ನೆರಡು ಹದಿಮೂರು ಜನ ಉಣ್ಣುವ ಮನೆ, ಜೊತೆಗೆ ಹೊಲದ ಆಳುಗಳು. ಬೆಳಗಿನ ಜಾವ ಕೋಳಿ ಕೂಗುವ ಮೊದಲು ಆ ಕಲ್ಲಿನ ಗುರುಗುರು ಶುರುವಾಗುತ್ತಿತ್ತು. ನನ್ನ ತಾಯಿ ಸೊಸೆಯಾಗಿ ಬಂದ ಮೇಲೆ ಎದುರುಬದುರು ಕೂತು ಇಬ್ಬರೂ ಒಂದೇ ಗೂಟ ಹಿಡಿದು ತಿರುಗಿಸುತ್ತಿದ್ದರು. ಬೆಳೆಯುವ ಹುಡುಗನಿಗೆ ಅದು ಜೋಗುಳ, ಆ ಸದ್ದು ಇಲ್ಲದಿದ್ದರೆ ನನಗೆ ನಿದ್ದೆಯ ಎರಡನೆಯ ಭಾಗವೇ ಬರುತ್ತಿರಲಿಲ್ಲ. ಬೀಸುವ ಪದಗಳನ್ನು ನಾವು ಆಮೇಲೆ ಪುಸ್ತಕಗಳಲ್ಲಿ ಸಂಗ್ರಹಿಸಿ, ಕಾಲೇಜಿನಲ್ಲಿ ಪಾಠವಾಗಿ ಓದಿ, ಎಷ್ಟು ಚೆಂದ ಎಂದೆವು. ಆ ಹೊತ್ತಿನಲ್ಲಿ ಎದ್ದು ಕೂತು ಹಾಡಬೇಕಾಗಿ ಬಂದದ್ದು ಯಾಕೆ ಎಂದು ಕೇಳಿದವರು ಕಡಿಮೆ.

ಆ ಕಲ್ಲನ್ನು ಸರಿಯಾಗಿ ನೋಡಿದರೆ ಅದೊಂದು ದವಡೆ. ಕೆಳಗಿನದು ಕದಲದು, ಮೇಲಿನದು ತಿರುಗುತ್ತದೆ, ನಡುವಿನ ತೂತಿನಲ್ಲಿ ಕಾಳು ಬೀಳುತ್ತದೆ, ಅಂಚಿನಿಂದ ಹಿಟ್ಟು ಬರುತ್ತದೆ. ಸವೆದು ನುಣುಪಾದರೆ ಉಳಿ ಹಿಡಿದು ಬಂದವರು ಅದರ ಮುಖವನ್ನು ಮತ್ತೆ ತರಿಯಾಗಿ ಕಟೆದು ಕೊಡುತ್ತಾರೆ. ಮನುಷ್ಯ ತನ್ನ ದವಡೆಯ ಕೆಲಸವನ್ನು ಬಾಯಿಂದ ಹೊರಗೆ ತೆಗೆದಿಟ್ಟ ಕಥೆ ಬಹಳ ಹಳೆಯದು. 2016ರಲ್ಲಿ ಹಾರ್ವರ್ಡಿನ ಜಿಂಕ್ ಮತ್ತು ಲೀಬರ್‌ಮನ್ ಲೆಕ್ಕ ಹಾಕಿ ತೋರಿಸಿದರು. ಊಟದಲ್ಲಿ ಮೂರರಲ್ಲಿ ಒಂದು ಪಾಲು ಮಾಂಸವಿದ್ದು, ಅದನ್ನು ಕಲ್ಲಿನ ಅಲಗಿನಿಂದ ಕೊಯ್ದು, ಗೆಡ್ಡೆಯನ್ನು ಕುಟ್ಟಿ ತಿಂದರೆ, ಬೆಂಕಿಯೇ ಇಲ್ಲದೆ ಅಗಿಯುವ ಸಲ ಶೇಕಡ 17ರಷ್ಟು, ಅಗಿಯುವ ಬಲ ಶೇಕಡ 26ರಷ್ಟು ಕಡಿಮೆಯಾಗುತ್ತದಂತೆ. ಬೆಂಕಿ, ಮಡಿಕೆ, ಬೀಸುವ ಕಲ್ಲು ಬಂದ ಮೇಲೆ ಕೇಳಬೇಕೆ? ನಮ್ಮ ಮುಖ ಒಳಗೆ ಸರಿಯಿತು, ಹಲ್ಲು ಸಣ್ಣದಾಯಿತು.

ಇದನ್ನೇ ಮೂವತ್ತು ವರ್ಷ ನಾನು ಜಾಣ್ಮೆಯ ಕಥೆಯಾಗಿ ಪಾಠ ಮಾಡಿದೆ. ಕಥೆ ಸುಳ್ಳಲ್ಲ, ಆದರೆ ಅಲ್ಲಿ ‘ಮನುಷ್ಯ’ ಅನ್ನುವ ಒಂದು ಪದ ಇಬ್ಬರನ್ನು ಒಬ್ಬರನ್ನಾಗಿ ಮಾಡಿಬಿಡುತ್ತದೆ. ಕಲ್ಲಿನ ಚೂರಿನಿಂದ ತನ್ನ ತುತ್ತನ್ನು ತಾನೇ ಕೊಯ್ದುಕೊಂಡವನು ತನ್ನ ದವಡೆಯ ಕೆಲಸವನ್ನು ತನ್ನ ಕೈಗೆ ಕೊಟ್ಟ, ಸರಿ. ಬೀಸುವ ಕಲ್ಲಿನಲ್ಲಿ ತಾತನ ದವಡೆಯ ಕೆಲಸ ಹೋದದ್ದು ಚಿನ್ನವ್ವನ ಭುಜಕ್ಕೆ.

ಹಾಗೆ ಹೋದ ಕೆಲಸ ಮಾಯವಾಗುವುದಿಲ್ಲ, ಇನ್ನೊಂದು ಮೂಳೆಯ ಮೇಲೆ ಕೂರುತ್ತದೆ. ಸಿರಿಯಾದಲ್ಲಿ ಯೂಫ್ರಟೀಸ್ ನದಿಯ ದಡದ ಅಬು ಹುರೇರಾ ಎಂಬ ಹಳೆಯ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮುಂಚೆ, 1970ರ ದಶಕದಲ್ಲಿ, ಅದನ್ನು ಅಗೆದಿದ್ದರು. ಜಗತ್ತಿನ ಮೊದಮೊದಲ ಬೇಸಾಯಗಾರರ ಊರುಗಳಲ್ಲಿ ಒಂದು. ಅಲ್ಲಿಯ ಮೂಳೆಗಳನ್ನು ಪರೀಕ್ಷಿಸಿದ ಥಿಯಾ ಮೊಲ್ಲೆಸನ್ ಎಂಬ ವಿಜ್ಞಾನಿ ಕಾಲಿನ ಹೆಬ್ಬೆರಳ ಕೀಲು ಸವೆದದ್ದು, ಮಂಡಿಯ ಮೇಲೆ ಒತ್ತು ಬಿದ್ದದ್ದು, ಬೆನ್ನಿನ ಕೆಳಗಿನ ಮೂಳೆ ಕುಸಿದದ್ದು ಗುರುತಿಸಿದರು. ಮಂಡಿಯೂರಿ, ಕಾಲ್ಬೆರಳು ಮಡಚಿ, ಹಿಂದೆ ಮುಂದೆ ತೂಗುತ್ತಾ ದಿನಕ್ಕೆ ಗಂಟೆಗಟ್ಟಲೆ ಕಾಳು ಅರೆದವರ ಗುರುತು ಅದು. ಹೆಚ್ಚಾಗಿ ಹೆಂಗಸರದು ಅಂತ ಅವರ ಅಭಿಪ್ರಾಯ. 2017ರಲ್ಲಿ ಕೇಂಬ್ರಿಜ್‌ನವರು ಮಧ್ಯ ಯೂರೋಪಿನ ಮೊದಲ ಬೇಸಾಯಗಾರ ಹೆಂಗಸರ ತೋಳಿನ ಮೂಳೆಯನ್ನು ಇವತ್ತಿನ ದೋಣಿ ಹುಟ್ಟುವ ಕ್ರೀಡಾಪಟುಗಳ ತೋಳಿನ ಜೊತೆ ಹೋಲಿಸಿದರು. ಹಳೆಯವರ ತೋಳೇ ಬಲವಾಗಿತ್ತು. ಸುದ್ದಿ ಬರೆದವರು ಅದನ್ನು ಹೆಮ್ಮೆಯ ವಿಷಯದಂತೆ ಬರೆದರು. ನನಗೆ ಚಿನ್ನವ್ವನ ಬಲಭುಜ ನೆನಪಾಯಿತು. ಅದು ಎಡಭುಜಕ್ಕಿಂತ ಇಳಿದಿತ್ತು, ಸೆರಗು ನಿಲ್ಲುತ್ತಿರಲಿಲ್ಲ. ಅಂಗೈಯಲ್ಲಿ ಗೂಟ ಹಿಡಿದ ಜಾಗದಲ್ಲಿ ಗೇಣಿ ಬೀಡಿಯ ಬೆಂಕಿಯೂ ಸುಡದಷ್ಟು ದಪ್ಪ ಚರ್ಮ.

ಇಲ್ಲಿ ತಾತನ ಪರವಾಗಿಯೂ ಒಂದು ಮಾತು ಹೇಳಬೇಕು. ಅವರೇನೂ ಕೂತು ಉಂಡವರಲ್ಲ. ಮಳೆ ಬಿದ್ದರೆ ನೇಗಿಲು, ಬೀಳದಿದ್ದರೆ ಕಪಿಲೆ. ಮನೆಯಲ್ಲಿ ಕೆಲಸ ಹಂಚಿಕೊಳ್ಳುವುದರಲ್ಲಿ ಏನು ತಪ್ಪು? ಒಬ್ಬರು ಉಳುತ್ತಾರೆ, ಒಬ್ಬರು ಬೀಸುತ್ತಾರೆ. ಈ ವಾದವನ್ನು ನಾನೇ ನನ್ನ ಮುಂದೆ ಬಹಳ ದಿನ ಇಟ್ಟುಕೊಂಡಿದ್ದೆ. ಆದರೆ ಉಳುಮೆಗೆ ಕಾಲ ಇತ್ತು, ಅದು ಮುಗಿಯುತ್ತಿತ್ತು. ಉತ್ತವನಿಗೆ ರೈತ ಅನ್ನುವ ಹೆಸರೂ, ಪಹಣಿಯಲ್ಲಿ ಜಾಗವೂ ಇತ್ತು. ಬೀಸುವುದಕ್ಕೆ ರಜವೂ ಇರಲಿಲ್ಲ, ಬೀಸಿದವಳಿಗೆ ಹೆಸರೂ ಇರಲಿಲ್ಲ. ಹಂಚಿಕೆ ಎನ್ನಬೇಕಾದರೆ ಇಬ್ಬರೂ ಕೂತು ಹಂಚಿಕೊಂಡಿರಬೇಕಲ್ಲವೆ? ಚಿನ್ನವ್ವನನ್ನು ಯಾರೂ ಕೇಳಿರಲಿಲ್ಲ.

ಊಟದ ಕೊನೆಗೆ ಅವಳು ಕೂರುತ್ತಿದ್ದಳು. ಮುದ್ದೆ ಮುಗಿದಿದ್ದರೆ ಪಾತ್ರೆಯ ತಳ ಹಿಡಿದು ಸೀದ ಹಿಟ್ಟಿನ ಚಕ್ಕೆಯನ್ನು ಕೆರೆದು, ಉಪ್ಪುಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ನಮ್ಮ ಮನೆಯಲ್ಲಿ ರಾಗಿಯನ್ನು ನಿಜವಾಗಿಯೂ ಅಗಿದು ತಿಂದವಳು ಅವಳೊಬ್ಬಳೇ. ಕೋಳಿ ಕೊಯ್ದ ದಿನ ಮೆತ್ತಗಿನ ತುಂಡು ಗಂಡಸರಿಗೆ, ಕತ್ತು ಕಾಲು ಹೆಂಗಸರಿಗೆ. ಇನ್ನು ಊರಾಚೆಯ ಕೇರಿಯವರ ಪಾಲಿಗೆ ಬಂದದ್ದು ಯಾರೂ ಮುಟ್ಟದ ಮುದಿ ದನದ ಬಾಡು, ಹಗ್ಗಕ್ಕೆ ನೇತುಹಾಕಿ ಒಣಗಿಸಿದ್ದು, ನಾರಿನ ಮೇಲೆ ನಾರು. ನಮ್ಮ ಹೊಲದ ರಾಗಿ ಕೊಯ್ದು, ಕಣ ಮಾಡಿ, ಗುಂಡು ಹೊಡೆದು, ತೂರಿ ಕೊಟ್ಟವರು ಅವರೇ, ಹಿತ್ತಲಲ್ಲಿ ಕೂತು ಮುದ್ದೆ ಈಸಿಕೊಂಡವರೂ ಅವರೇ. ಹಣ್ಣಿಲ್ಲದ ಕಾಲದ ಆಹಾರ ಅಂತ ಗೊರಿಲ್ಲಾದ ವಿಷಯದಲ್ಲಿ ಹೇಳಿದೆನಲ್ಲ, ಕಾಡಿನಲ್ಲಿ ಆ ಕಾಲ ಎಲ್ಲರಿಗೂ ಒಟ್ಟಿಗೆ ಬರುತ್ತದೆ. ಊರಿನಲ್ಲಿ ಹಾಗಲ್ಲ. ಒಬ್ಬರ ಬರಗಾಲದ ಊಟ ಪಕ್ಕದವರ ದಿನದ ಊಟವಾಗಿರಬಹುದು, ನೂರಾರು ವರ್ಷ.

ನಮ್ಮ ಹೋಬಳಿಗೆ ಹಿಟ್ಟಿನ ಮಿಷನ್ನು ಬಂದಾಗ ನಾನು ಮೂರನೆಯ ಕ್ಲಾಸು. ತಾತ ಒಪ್ಪಲಿಲ್ಲ. ಮಿಷನ್ ಹಿಟ್ಟು ಬಿಸಿಯಾಗಿ ಸತ್ವ ಹೋಗುತ್ತದೆ, ಮುದ್ದೆಗೆ ಆ ಪರಿಮಳ ಇರುವುದಿಲ್ಲ, ಮೈಗೆ ಹತ್ತುವುದಿಲ್ಲ. ಒಂದು ದಿನವೂ ಗೂಟ ಹಿಡಿಯದವರು ಕಲ್ಲಿನ ಪರ ವಾದಿಸಿದರು. ಕೊನೆಗೆ ಅಪ್ಪ ಹಟ ಹಿಡಿದು ಮೂಟೆಯನ್ನು ಸೈಕಲ್ಲಿನ ಮೇಲೆ ಇಟ್ಟರು. ಆವತ್ತು ಚಿನ್ನವ್ವ ಸೊಂಟದ ಚೀಲದಿಂದ ದುಡ್ಡು ತೆಗೆದು ನನ್ನ ಕೈಗೆ ಕೊಟ್ಟು, ಮಿಷನ್ನಿಗೆ ಒಂದು ತೆಂಗಿನಕಾಯಿ ಒಡೆದು ಬಾ ಅಂದಳು. ಆ ಕಾಯಿ ಒಡೆದ ಸದ್ದು ಆ ಇಂಜಿನ್ನಿನ ಗದ್ದಲದಲ್ಲಿ ಕೇಳಿಸಲೇ ಇಲ್ಲ.

ಈಗ ತಾತನ ವಾದ ಪ್ಯಾಕೆಟ್ಟಿನ ಮೇಲೆ ಬಂದಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲಂತೂ ‘ಕಲ್ಲಿನಲ್ಲಿ ಬೀಸಿದ ರಾಗಿಹಿಟ್ಟು’ ಬೆಂಗಳೂರಿನಲ್ಲಿ ಎರಡು ಪಟ್ಟು ಬೆಲೆಗೆ ಹೋಗುತ್ತದೆ. ಹೋದ ವರ್ಷ ಯಾರೋ ರೆಸಾರ್ಟಿನ ಬಾಗಿಲಲ್ಲಿ ಇಡುವುದಕ್ಕೆ ನಮ್ಮ ಬೀಸೋಕಲ್ಲು ಕೇಳಿಕೊಂಡು ಬಂದಿದ್ದರು. ಅಮ್ಮ, “ಕೊಟ್ಟುಬಿಡು, ಪೀಡೆ ಹೋಗಲಿ” ಅಂದಳು. ನಾನು ಕೊಡಲಿಲ್ಲ. ನನಗೆ ಅದು ನೆನಪು, ಅವಳಿಗೆ ಹತ್ತು ವರ್ಷದ ಭುಜದ ನೋವು.

ಹಲ್ಲಿನ ಡಾಕ್ಟರು ಹೇಳಿದ್ದರಲ್ಲಿ ನಿಜ ಇಲ್ಲದೆ ಇಲ್ಲ. ದವಡೆ ಹುಟ್ಟುವಾಗಲೇ ಪೂರ್ತಿ ಬರೆದಿಟ್ಟ ಅಂಗವಲ್ಲ, ಬೆಳೆಯುವ ವಯಸ್ಸಿನಲ್ಲಿ ಕೆಲಸ ಕೊಟ್ಟಷ್ಟು ಬೆಳೆಯುತ್ತದೆ. 1980ರ ದಶಕದ ಶುರುವಿನಲ್ಲಿ ಕೊರುಚಿನಿ ಎಂಬ ಅಮೆರಿಕದ ವಿದ್ವಾಂಸರು ಚಂಡೀಗಡದ ಪೇಟೆಯ ಹುಡುಗರನ್ನೂ ಪಂಜಾಬಿನ ಹಳ್ಳಿಯ ಹುಡುಗರನ್ನೂ ಹೋಲಿಸಿದರು. ಜನ ಒಂದೇ, ಊಟ ಬೇರೆ. ಪೇಟೆಯವರ ಹಲ್ಲಿನ ಸಾಲು ಹೆಚ್ಚು ಸೊಟ್ಟ. ಮೆತ್ತಗಿನ ಆಹಾರ ಕೊಟ್ಟು ಬೆಳೆಸಿದ ಅಳಿಲುಕೋತಿಗಳಲ್ಲೂ ಅವರು ಅದೇ ಕಂಡರು. ಹಾಗಾದರೆ ಮುದ್ದೆ ನುಂಗಿದ ಅಮ್ಮನ ದವಡೆಗೆ ಜಾಗ ಎಲ್ಲಿಂದ ಬಂತು? ನನಗೆ ತೋಚುವುದು, ಅವಳ ಬಾಲ್ಯದ ನಡುವಿನ ಹೊತ್ತುಗಳು. ಮಡಿಲಲ್ಲಿ ಕಟ್ಟಿಕೊಂಡ ಹುರಿಗಾಳು, ಹುರಿದ ಅವರೆ, ಗಾಣದ ಹತ್ತಿರ ಸಿಕ್ಕ ಕಬ್ಬು, ಹಸಿ ಕಡಲೆಕಾಯಿ, ಮಾವಿನ ವಾಟೆಯನ್ನು ಬೆಳ್ಳಗಾಗುವವರೆಗೆ ಚೀಪಿದ್ದು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಬೆಳೆದವರು ಕೋತಿಯ ಜೊತೆ ಪೈಪೋಟಿಯಲ್ಲಿ ದೋರುಗಾಯಿ ಕಚ್ಚಿದವರು. ಮಗಳಿಗೆ ಆ ಹೊತ್ತುಗಳಲ್ಲಿ ಸಿಕ್ಕಿದ್ದು ಬಿಸ್ಕತ್ತು ಮತ್ತು ಬನ್ನು. ಅದನ್ನು ತಂದುಕೊಟ್ಟವನು ನಾನೇ.

ಮಗಳ ದವಡೆ ಅಗಲವಾಗಿರಬೇಕಿತ್ತು ಅಂತ ಚಿನ್ನವ್ವನ ಕಾಲವನ್ನು ವಾಪಸ್ಸು ಕರೆಯಲಾರೆ. ಆ ಹಳೆಯ ಗಟ್ಟಿತನವನ್ನು ಹೊಗಳುವವರು ಯಾವ ಮೂಳೆಯನ್ನು ನೋಡಿ ಹೊಗಳುತ್ತಾರೆ ಎಂದು ಮೊದಲು ಕೇಳಬೇಕು. ಅಡ್ಡ ಮಲಗಿದ ಒಂದು ಹಲ್ಲನ್ನು ಸೂಜಿ ಕೊಟ್ಟು ಅರ್ಧ ಗಂಟೆಯಲ್ಲಿ ತೆಗೆಯಬಹುದು. ಇಳಿದ ಭುಜವನ್ನು ಯಾರೂ ಮೇಲೆ ತರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಹಲ್ಲಿನ ಮಾತು ತೆಗೆದವರು ನೀರಿನ ಮಾತು ಬಿಡಲಾಗುವುದಿಲ್ಲ. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ ಬಂಡೆಯೊಳಗಿನ ಫ್ಲೋರೈಡ್ ನೀರಿನ ಜೊತೆ ಮೇಲೆ ಬಂತು. ಲೀಟರಿಗೆ ಒಂದೂವರೆ ಮಿಲಿಗ್ರಾಮ್ ದಾಟಬಾರದು ಎಂಬ ನಿಯಮವನ್ನು ಎಷ್ಟೋ ಊರುಗಳ ನೀರು ದಾಟಿತು. ಹಲ್ಲಿನ ಕವಚ ಕಟ್ಟುವುದು ಎಳೆಯ ವಯಸ್ಸಿನಲ್ಲಿ, ಒಂದೇ ಸಲ. ಆಗ ಕುಡಿದ ನೀರಿನ ಕಂದು ಗೆರೆ ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನನ್ನ ಕ್ಲಾಸಿನಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಇಡುವ ಹುಡುಗಿಯರು ಪ್ರತಿ ವರ್ಷವೂ ಇರುತ್ತಿದ್ದರು. ಅಷ್ಟು ಆಳದಿಂದ ಎತ್ತಿದ ನೀರಿನಲ್ಲಿ ಬೆಳೆದ ಟೊಮೆಟೊ ಎಲ್ಲೆಲ್ಲಿಗೋ ಲಾರಿ ಹತ್ತಿ ಹೋಯಿತು, ಗೆರೆ ಇಲ್ಲಿ ಉಳಿಯಿತು. ಇಲ್ಲೂ ಅದೇ ಲೆಕ್ಕ, ಉಂಡವರು ಒಬ್ಬರು, ಗುರುತು ಹೊತ್ತವರು ಇನ್ನೊಬ್ಬರು.

ಆದರೆ ಒಬ್ಬರ ಬದಲು ಇನ್ನೊಬ್ಬರು ಅಗಿಯುವುದೆಲ್ಲ ಅನ್ಯಾಯವೇ? ಜಾರ್ಜಿಯಾ ದೇಶದ ದ್ಮಾನಿಸಿಯಲ್ಲಿ ಸಿಕ್ಕ, ಸುಮಾರು ಹದಿನೇಳೂವರೆ ಲಕ್ಷ ವರ್ಷ ಹಿಂದಿನ ಒಂದು ತಲೆಬುರುಡೆಯ ವಿಷಯ 2005ರಲ್ಲಿ ಪ್ರಕಟವಾಯಿತು. ಮುದುಕನದೋ ಮುದುಕಿಯದೋ, ಒಂದು ಹಲ್ಲು ಬಿಟ್ಟು ಎಲ್ಲ ಉದುರಿವೆ, ಉದುರಿದ ಗುಳಿಗಳು ಮೂಳೆಯಿಂದ ಮುಚ್ಚಿಹೋಗಿವೆ. ಅಂದರೆ ಹಲ್ಲು ಹೋದ ಮೇಲೂ ವರ್ಷಗಟ್ಟಲೆ ಬದುಕಿದ ಜೀವ ಅದು. ಯಾರೋ ಕುಟ್ಟಿ ಮೆತ್ತಗೆ ಮಾಡಿ ಕೊಟ್ಟಿರಬೇಕು, ಮನುಷ್ಯರ ಕರುಣೆಗೆ ಸಿಕ್ಕ ಹಳೆಯ ಸಾಕ್ಷಿ ಇದು ಅಂತ ಕೆಲವರು ಅಂದರು. ಹಲ್ಲು ಕಳೆದುಕೊಂಡ ಚಿಂಪಾಂಜಿಗಳೂ ಕಾಡಿನಲ್ಲಿ ಬದುಕುತ್ತವೆ, ಅಷ್ಟರಿಂದ ಕರುಣೆಯನ್ನು ಸಾಬೀತು ಮಾಡಲಾಗುವುದಿಲ್ಲ ಅಂತ ಇನ್ನು ಕೆಲವರು. ಎರಡನೆಯವರ ಮಾತು ನ್ಯಾಯವಾದದ್ದು. ಕುಟ್ಟಿ ಕೊಟ್ಟವರ ಕೈ ಆ ಬುರುಡೆಯಲ್ಲಿ ಇಲ್ಲವಲ್ಲ. ಚಿನ್ನವ್ವನ ಕೈಯೂ ತಾತನ ದವಡೆಯಲ್ಲಿ ಸಿಗುವುದಿಲ್ಲ. ಪ್ರೀತಿಯಿಂದ ಅಗಿದುಕೊಟ್ಟದ್ದೋ, ಬೇರೆ ದಾರಿಯಿಲ್ಲದೆ ಅಗಿದುಕೊಟ್ಟದ್ದೋ ಅನ್ನುವುದು ಉಂಡವರ ಮೂಳೆಯಲ್ಲಿ ಉಳಿಯುವುದೇ ಇಲ್ಲ. ಅದನ್ನು ಬದುಕಿದ್ದಾಗಲೇ, ಕೊಟ್ಟವರನ್ನೇ ಕೇಳಬೇಕು. ನಾನು ಕೇಳಲಿಲ್ಲ.

ನನಗೆ ಗೊತ್ತಿರುವ ಒಂದು ಕೊಡುಕೊಳ್ಳುವಿಕೆ ಇಷ್ಟೇ. ಚಿನ್ನವ್ವನ ಹಲ್ಲು ಉದುರಿದ ಮೇಲೆ ಎಲೆಅಡಿಕೆಯ ಚಟ ಮಾತ್ರ ಉಳಿದಿತ್ತು. ಒಂದು ಸಣ್ಣ ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆ, ಅಡಿಕೆ, ಸುಣ್ಣ ಹಾಕಿ ಕುಟ್ಟಿಕೊಡುವ ಕೆಲಸ ನನ್ನದು. ಸ್ಕೂಲಿನಿಂದ ಬಂದ ಕೂಡಲೇ ಕೈಚಾಚುತ್ತಿದ್ದಳು. ಅಡಿಕೆ ತರಿಯಾಗಿ ಉಳಿದರೆ ಉಗಿದು, “ಏಮಿರಾ, ನಾ ನೋಟ್ಲೋ ಪಂಡ್ಲುನ್ನಾಯಾ?” ಅನ್ನುತ್ತಿದ್ದಳು, ನನ್ನ ಬಾಯಲ್ಲಿ ಹಲ್ಲಿವೆಯೇನೋ ಅಂತ. ನುಣ್ಣಗಾಗುವವರೆಗೆ ಕುಟ್ಟಿದರೆ ನನ್ನ ಮಣಿಕಟ್ಟು ನೋಯುತ್ತಿತ್ತು. ಹತ್ತು ನಿಮಿಷದ ಕೆಲಸ. ಅಷ್ಟಕ್ಕೇ ನಾನು ಆಟಕ್ಕೆ ಹೊತ್ತಾಯಿತು ಅಂತ ಗೊಣಗುತ್ತಿದ್ದೆ.

ಮಗಳ ಹಲ್ಲು ತೆಗೆದ ಮರುದಿನ ಅವಳಿಗೆ ಏನೂ ಅಗಿಯಲಾಗುತ್ತಿರಲಿಲ್ಲ. ನನ್ನ ಹೆಂಡತಿ ಊರಿನಲ್ಲಿರಲಿಲ್ಲ, ಅಮ್ಮನ ಕೈಯಲ್ಲಿ ಈಗ ಕೋಲು ಹಿಡಿಯುವ ಶಕ್ತಿ ಇಲ್ಲ. ಅರವತ್ತು ದಾಟಿದವನು ಮೊದಲ ಸಲ ಒಲೆಯ ಮುಂದೆ ನಿಂತು ಎಸರಿಗೆ ಹಿಟ್ಟು ಸುರಿದೆ. ಅಮ್ಮ ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತಿದ್ದಳು. ಇನ್ನೂ ಬೇಯಲಿ, ಈಗ ತೊಳಸು, ಪಾತ್ರೆ ಅಲ್ಲಾಡದ ಹಾಗೆ ಕಾಲಲ್ಲಿ ಒತ್ತಿ ಹಿಡಿ, ಬಿಡಬೇಡ. ಎರಡು ನಿಮಿಷಕ್ಕೆ ಭುಜ ಸೋತಿತು. ಮುದ್ದೆ ಕಟ್ಟಿ, ಆರಲು ಬಿಟ್ಟು, ತಟ್ಟೆಗೆ ಹಾಕಿ ಮಗಳ ಮುಂದೆ ಇಟ್ಟೆ. ಅಮ್ಮ ಅದರ ಒಂದು ಮೂಲೆ ಮುರಿದು ಎರಡು ಬೆರಳ ನಡುವೆ ಹಿಸುಕಿ ನೋಡಿದಳು.

“ಗಂಟು ಬಿಟ್ಟಿದ್ದೀಯಲ್ಲೋ,” ಅಂದಳು. “ಇದನ್ನ ಪಾಪ, ಅವಳು ಅಗೀಬೇಕಾಗುತ್ತೆ. ತಗೊಂಡು ಹೋಗು, ಇನ್ನೊಂದು ಸಲ ತೊಳಸು.”